ಅರಿಶಿನ, ಕುಂಕುಮ ಮತ್ತು ಒಂದು ಸಹಿ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹೊಲದಲ್ಲಿ ಅರಿಶಿನ ಬೆಳೆಯುತ್ತಾರೆ. ಅದೇ ಹೊಲದ ಪಾಲಿನ ಮಾತು ಬಂದಾಗ ಹೆಣ್ಣುಮಕ್ಕಳ ಕೈಗೆ ಬರುವುದೂ ಅರಿಶಿನವೇ. 'ಅರಿಶಿನ ಕುಂಕುಮಕ್ಕೆ' ಎಂದು ಒಂದಿಷ್ಟು ಹಣ, ಒಂದು ಸೀರೆ, ಪ್ರತಿಯಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ. ನಾವೇನು ಓದದವರೇ? ಮಕ್ಕಳಿಗೆ ಪೌರನೀತಿ ಪಾಠ ಹೇಳುವವರು. ಆದರೂ ತವರಿನ ಕಾಗದವನ್ನು ಓದಿ ನೋಡಿದರೆ ತವರನ್ನೇ ಅನುಮಾನಿಸಿದಂತೆ ಎಂಬ ಅಳುಕು ನಮ್ಮಲ್ಲಿ ಹಲವರಿಗೆ.

ಗುಂಡ್ಲುಪೇಟೆ ಬಳಿಯ ನಮ್ಮ ತಾತನ ಕಾಲದ ಎರಡೂವರೆ ಎಕರೆಯ ವಿಷಯದಲ್ಲಿ ನನಗೂ ಇಂಥ ಕಾಗದ ಬಂತು. ಅಪ್ಪ 2002ರಲ್ಲಿ ತೀರಿಕೊಂಡ ಮೇಲೂ ಖಾತೆ ಅವರ ಹೆಸರಿನಲ್ಲೇ ಉಳಿದಿತ್ತು. 2022ರಲ್ಲಿ ತಮ್ಮ ಕೊಳವೆಬಾವಿಗೆ ಸಾಲ ತೆಗೆಯಬೇಕೆಂದ. "ಪಹಣಿ ನನ್ನ ಹೆಸರಿಗೆ ಆಗ್ಬೇಕು. ನೀನೂ ಅವ್ವನೂ ಒಂದೊಂದು ಸೈನ್ ಹಾಕ್ಬುಡಿ ಅಕ್ಕ" ಎಂದ. ಮೈಸೂರಿನಲ್ಲಿ ಕಾನೂನು ಓದುತ್ತಿದ್ದ ನಾದಿನಿಯ ಮಗಳು ಆಗ ರಜೆಗೆ ನಮ್ಮಲ್ಲಿಗೆ ಬಂದಿದ್ದಳು. ಅವಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ಒಂದು ವಾರ ನಾನೇ ವಿದ್ಯಾರ್ಥಿನಿಯಾದೆ.

ಮೊದಲು ಕಲಿತದ್ದು, ಖಾತೆ ಬೇರೆ, ಸ್ವಾಧೀನ ಬೇರೆ, ಹಕ್ಕು ಬೇರೆ ಎಂಬುದು. ಖಾತೆ, ಪಹಣಿ ಎಂದರೆ ಕಂದಾಯದ ಲೆಕ್ಕ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಅಳಿಯುವುದೂ ಇಲ್ಲ. ಅಣ್ಣನೋ ತಮ್ಮನೋ ಒಬ್ಬನೇ ಉಳುತ್ತಿದ್ದರೂ ಅಷ್ಟೆ. ಜಂಟಿ ಆಸ್ತಿಯಲ್ಲಿ ಒಬ್ಬರ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ ಎಂದೇ ಸಾಮಾನ್ಯವಾಗಿ ಕಾನೂನು ಭಾವಿಸುತ್ತದೆ. ಆದರೆ ನೋಂದಣಿಯಾದ ಬಿಡುಗಡೆ ಪತ್ರಕ್ಕೆ ಹಾಕುವ ಸಹಿ ಹಕ್ಕನ್ನೇ ದಾಟಿಸುತ್ತದೆ. ತೀರಿಕೊಂಡವರ ಖಾತೆಯನ್ನು ಎಲ್ಲ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯೇ ಬೇರೆ, ಈ ಪತ್ರವೇ ಬೇರೆ.

ಎರಡನೆಯ ಪಾಠ ನನ್ನದೇ ಚರಿತ್ರೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆಂದು ಕಾಯಿದೆ ಮಾಡಿ, ಕುಟುಂಬ ಪಾಲಾಗುವಾಗ ವಿಧವೆಗೂ ಮದುವೆಯಾಗದ ಮಗಳಿಗೂ ಒಂದಂಶ ಕೊಟ್ಟಿತು. ಈಗ ನಮ್ಮ ಜಿಲ್ಲೆಯಲ್ಲೇ ಇರುವ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿನ ಹೆಣ್ಣುಮಕ್ಕಳಿಗೆ ಅದು ಸಿಗಲಿಲ್ಲ. ಗಡಿ ಕಲ್ಲಿನ ಆಚೆ ಈಚೆ ಹುಟ್ಟಿದ್ದಕ್ಕೆ ಎಂಥ ಅಂತರ ನೋಡಿ! ಆಮೇಲೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ನನ್ನ ಮದುವೆ 1993ರಲ್ಲಿ! ಒಂದು ವರ್ಷ ಮೊದಲು ತಾಳಿ ಕಟ್ಟಿಸಿಕೊಂಡದ್ದಕ್ಕೆ ನಾನು ಮಗಳಲ್ಲದವಳಾಗಿದ್ದೆ.

ಆ ತಾರತಮ್ಯ ಹೋದದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಿಂದ. ಆ ದಿನ ಅಪ್ಪನೂ ಬದುಕಿರಬೇಕಿತ್ತು ಎಂದು 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟು ಅದನ್ನು ಬದಿಗಿಟ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ಅಪ್ಪ ಬದುಕಿರಬೇಕೆಂದಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರವನ್ನಾಗಲಿ ಕೋರ್ಟಿನ ಡಿಕ್ರಿಯನ್ನಾಗಲಿ ಮಾತ್ರ ಕೆದಕುವಂತಿಲ್ಲ. ಅಪ್ಪನ ಸ್ವಯಾರ್ಜಿತಕ್ಕೆ ಈ ಮಾತು ಅನ್ವಯಿಸದು. ಅದನ್ನು ಅವರು ಉಯಿಲು ಬರೆದು ಯಾರಿಗಾದರೂ ಕೊಡಬಹುದು.

ಇಷ್ಟು ತಿಳಿದ ಮೇಲೆ ತಮ್ಮ ತಂದ ಕಾಗದ ಓದಿದೆ. ನನ್ನ ಹಕ್ಕಿನ ಜೊತೆಗೆ ಅವ್ವನದೂ ಬಿಡುಗಡೆಯಾಗಿತ್ತು. ಅಪ್ಪನ ಪಾಲಿಗೆ ಅವ್ವ ನಮ್ಮಷ್ಟೇ ವಾರಸುದಾರಳು. ಅವಳನ್ನು ಕೇಳಿದರೆ, "ನಂಗ್ಯಾಕವ್ವ ಪಾಲು? ಎರಡೊತ್ತು ಮುದ್ದ ಸಿಕ್ಕುದ್ರ ಸಾಕು" ಎಂದಳು. ಆ ಮುದ್ದೆಗಾಗಿ ನಾಳೆ ಯಾರ ಮುಖ ನೋಡಬೇಕಾದೀತು ಎಂಬುದೇ ನನ್ನ ಚಿಂತೆ.

"ನನ್ನ ಪಾಲು ನಿನಗೇ ಇರಲಿ, ಮಣ್ಣು ಉಳುವವನು ನೀನು. ಅವ್ವನದು ಅವ್ವನ ಹೆಸರಿಗೇ ಆಗಲಿ" ಎಂದೆ. ತಮ್ಮ ಮುನಿಸಿಕೊಂಡ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅದರ ನೋವು ತವರಿರುವವರಿಗೆ ಗೊತ್ತು. ಮರು ವರ್ಷ ವಿಭಾಗ ಪತ್ರ ನೋಂದಣಿಯಾಯಿತು. ಅವ್ವನ ಹೆಸರಿಗೆ ಇಪ್ಪತ್ತು ಗುಂಟೆ ಬಂತು. ಉಳುವವನು ತಮ್ಮನೇ, ಸಾಲವೂ ಸಿಕ್ಕಿತು, ಬಾಗಿನವೂ ಮತ್ತೆ ಬಂತು.

ಗೆಳತಿಯರೇ, ಪಾಲು ತೆಗೆದುಕೊಳ್ಳಿ ಎಂದಾಗಲಿ, ಬಿಡಿ ಎಂದಾಗಲಿ ನಾನು ಹೇಳುತ್ತಿಲ್ಲ. ನಮ್ಮದೆಂದು ತಿಳಿದು ಬಿಟ್ಟರೆ ಅದು ದಾನ. ತಿಳಿಯದೆ ಬಿಟ್ಟರೆ ಬರೀ ನಷ್ಟ. ಕಾಗದ ಬಂದಾಗ ಅದು ಪೌತಿ ಖಾತೆಯೋ, ಬಿಡುಗಡೆ ಪತ್ರವೋ, ಅದರಲ್ಲಿ ಯಾರ ಯಾರ ಹಕ್ಕು ಹೋಗುತ್ತಿದೆ ಎಂದು ನೋಡಿ, ಆಮೇಲೆ ಪೆನ್ನು ತೆಗೆಯಿರಿ. ಅಷ್ಟಕ್ಕೆ ಮುರಿದು ಬೀಳುವಂಥದ್ದಲ್ಲ ತವರಿನ ನಂಟು.