ಬುಟ್ಟಿಗೆ ಬಿತ್ತೋ, ಇಲ್ಲವೋ?

ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲಿ ‘ಓಕ್ ಗ್ರೋವ್’ ಎಂಬ ಮರಗಳ ತೋಪಿದೆ. ಪಕ್ಕದಲ್ಲೇ ಗ್ರಹಗಳಿಗೆ ನೌಕೆ ಕಳಿಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ತೋಪಿನೊಳಗೋ, ತಟ್ಟೆ ಎಸೆಯುವ ಆಟ! ಡಿಸ್ಕ್ ಗಾಲ್ಫಿನ ಮೊದಲ ಕಾಯಂ ಮೈದಾನವನ್ನು ಎಡ್ ಹೆಡ್ರಿಕ್ 1975ರಲ್ಲಿ ಇಲ್ಲಿ ರೂಪಿಸಿದರು.

ಆಗ ಗುರಿ ಬರೀ ಕಂಬ. ತಟ್ಟೆ ತಾಗಿತೇ, ಪಕ್ಕದಲ್ಲೇ ಹಾದುಹೋಯಿತೇ? ಗೋಲಿಯಾಡುವ ಹುಡುಗರಂತೆ ದೊಡ್ಡವರೂ ವಾದಕ್ಕಿಳಿಯುತ್ತಿದ್ದರು. ಹೆಡ್ರಿಕ್ ಕಂಬದ ಸುತ್ತ ಸರಪಳಿ ಇಳಿಬಿಟ್ಟು ಕೆಳಗೆ ಬುಟ್ಟಿ ಕೂಡಿಸಿದರು. 1977ರಲ್ಲಿ ಪೇಟೆಂಟೂ ಸಿಕ್ಕಿತು. ಸಡಿಲ ಸರಪಳಿ ತೂಗಾಡುತ್ತ ತಟ್ಟೆಯ ಚಲನಶಕ್ತಿಯನ್ನು ಹೀರಿಕೊಳ್ಳುತ್ತದೆ, ತಟ್ಟೆ ಬುಟ್ಟಿಗೆ ಬೀಳುತ್ತದೆ.

ವಾದ ಮುಗಿಯಿತೇ? ಎಲ್ಲಿ! ಸರಪಳಿಗೆ ಬಡಿದು ಹೊರಚಿಮ್ಮಿದರೆ ಲೆಕ್ಕಕ್ಕಿಲ್ಲ, ನೆತ್ತಿಯ ಮೇಲೆ ಕೂತರೂ ಇಲ್ಲ. ಬುಟ್ಟಿಯ ಸರಳುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ? ಮೇಲಿನಿಂದ ಬಂತೋ, ಪಕ್ಕದಿಂದ ತೂರಿತೋ, ಜೊತೆಯಲ್ಲಿ ಆಡುತ್ತಿರುವ ಎದುರಾಳಿಗಳೇ ಸಾಕ್ಷಿ ಹೇಳಬೇಕು.