ಘಟ್ಟದಲ್ಲಿ ಗಾಡಿ ಎಲ್ಲಿ ನಿಲ್ಲಿಸೋದು?

ಮಳೆಗಾಲದಲ್ಲಿ ಘಟ್ಟಕ್ಕೆ ಹೊರಡುವವರದು ಬೇರೆಯೇ ಪಂಗಡ. ಅವರಿಗೆ ನೆನೆಯುವುದೇ ಪ್ರವಾಸ. ಬೇಸಿಗೆಯಲ್ಲಿ ಹೊರಡುವವರು ಶಾಲೆಯ ರಜೆಗೆ ಶರಣಾದವರು. ಘಟ್ಟವನ್ನು ಕಣ್ತುಂಬ ನೋಡಬೇಕು ಎನ್ನುವವರಿಗೆ ಪಂಚಾಂಗದಲ್ಲಿ ಉಳಿಯುವುದು ಆಶ್ವಯುಜ, ಕಾರ್ತಿಕ. ಆಗ ಮಳೆ ನಿಂತಿರುತ್ತದೆ, ನೀರು ನಿಂತಿರುವುದಿಲ್ಲ. ಜೂನಿನಿಂದ ಕುಡಿದು ಕುಡಿದು ತೇಗುತ್ತಿರುವ ಶೋಲೆ ಕಾಡು, ಅದರ ಮೇಲಿನ ಹುಲ್ಲುಗಾವಲು, ಒಳಗಿಟ್ಟುಕೊಂಡ ನೀರನ್ನು ಸಾವಕಾಶವಾಗಿ ಬಿಡುತ್ತಿರುತ್ತವೆ. ಜುಲೈಯಲ್ಲಿ ಕೆಂಪಗೆ ಧುಮುಕುತ್ತಿದ್ದ ಹಳ್ಳದ ತಳದಲ್ಲಿ ಈಗ ಕಲ್ಲು ಎಣಿಸಬಹುದು. ದಾರಿಯಲ್ಲಿ ಬಯಲುಸೀಮೆ ಕಳೆಯುವ ತನಕ ಹುಚ್ಚೆಳ್ಳಿನ ಹಳದಿ, ಕಳೆದ ಮೇಲೆ ಹಾಲುಗಟ್ಟುತ್ತಿರುವ ಭತ್ತದ ಹಸಿರು.

ಹೀಗೆಂದು ನಾನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಅರ್ಧ ಗಂಟೆಯೊಳಗೆ ವರ್ಜೀನಿಯಾದಲ್ಲಿರುವ ತಂಗಿಯ ಮಗ ಒಂದು ಫೋಟೋ ಹಾಕಿದ. ಬೆಟ್ಟಕ್ಕೆ ಬೆಟ್ಟವೇ ಕೆಂಪು, ಕಿತ್ತಳೆ, ಹಳದಿ. ಕೆಳಗೆ, "ಮಾವ, ಆಟಮ್ ಅಂದ್ರೆ ಇದು."

ಒಪ್ಪಿದೆ. ಅಲ್ಲಿನ ಮರಗಳು ಚಳಿಗೆ ಹೆದರಿ ಅಂಗಡಿ ಮುಚ್ಚುತ್ತವೆ. ಎಲೆಯ ಹಸಿರು ಕರಗುತ್ತದೆ, ಅಡಿಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಹೊರಬೀಳುತ್ತದೆ, ಕೆಲವು ಜಾತಿಗಳು ಹೋಗುವ ಮುನ್ನ ಹೊಸದಾಗಿ ಕೆಂಪನ್ನೂ ತಯಾರಿಸುತ್ತವೆ. ನಮ್ಮ ನಿತ್ಯಹರಿದ್ವರ್ಣದ ಕಾಡಿಗೆ ಆ ಭಯವಿಲ್ಲ. ಇಲ್ಲಿ ಕೆಂಪು ಕಾಣುವುದು ಬೇಸಿಗೆಯ ಹೊಸ್ತಿಲಲ್ಲಿ, ಅದೂ ಸಾಯುವ ಎಲೆಯಲ್ಲಲ್ಲ, ನಾಗಸಂಪಿಗೆಯಂಥ ಮರಗಳ ಚಿಗುರಿನಲ್ಲಿ. ಇಷ್ಟನ್ನು ಬರೆದು ಕಳಿಸಿದೆ. ಹುಡುಗ ಹೆಬ್ಬೆರಳೊಂದನ್ನು ಎತ್ತಿ ಸುಮ್ಮನಾದ.

ಆದರೆ ಅವನು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಅವನು ಗಾಡಿ ಓಡಿಸಿದ ಬ್ಲೂ ರಿಡ್ಜ್ ಪಾರ್ಕ್‌ವೇ 469 ಮೈಲಿ ಉದ್ದದ್ದು. 1935ರಲ್ಲಿ ಕೆಲಸ ಶುರುವಾಗಿ ಕೊನೆಯ ತುಂಡು ಮುಗಿದದ್ದು 1987ರಲ್ಲಿ. ಲಾರಿಗಳಿಗೆ ಪ್ರವೇಶವಿಲ್ಲ, ಗಂಟೆಗೆ 45 ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ, ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿ ಕಣಿವೆ ನೋಡಲೆಂದೇ ಬಿಟ್ಟ ಅಂಗಳಗಳು. ಅಂದರೆ ನೋಡುವುದಕ್ಕೆಂದೇ ಮಾಡಿದ ರಸ್ತೆ! ನಮ್ಮ ಘಾಟಿಗಳನ್ನು ಯಾರೂ ನೋಡುವುದಕ್ಕೆ ಮಾಡಲಿಲ್ಲ. ಹೇರೆತ್ತುಗಳ ಬೆನ್ನ ಮೇಲೆ ಮೆಣಸು, ಅಡಿಕೆ, ಅಕ್ಕಿ ಇಳಿಯುತ್ತಿದ್ದವು. ಉಪ್ಪು, ಒಣಮೀನು ಹತ್ತುತ್ತಿದ್ದವು. ಆಮೇಲೆ ಬ್ರಿಟಿಷರ ಕಾಲದಲ್ಲಿ ಮಂಗಳೂರಿಗೆ ಕಾಫಿ ಮೂಟೆ ಸಾಗಿಸುವ ಗಾಡಿಗಳಿಗೆ ದಾರಿ ಅಗಲವಾಯಿತು. ಆ ಗಾಡಿಯವನಿಗೆ ಕಣಿವೆ ಎಂದರೆ ಚಕ್ರ ಜಾರಬಾರದ ಕಡೆ, ಅಷ್ಟೆ. ಆದ್ದರಿಂದಲೇ ಇವತ್ತಿಗೂ ನಮ್ಮ ಘಾಟಿಯಲ್ಲಿ ನೋಟ ಅದ್ಭುತವಾಗಿರುವ ಕಡೆ ನಿಲ್ಲಲು ಜಾಗವಿಲ್ಲ, ಜಾಗವಿರುವ ಕಡೆ ನೋಟವಿಲ್ಲ. ಆ ಜಾಗದಲ್ಲಿ ಚುರುಮುರಿ ಗಾಡಿ ಇರುತ್ತದೆ, ಅದರ ಸುತ್ತ ಮಂಗಗಳಿರುತ್ತವೆ.

ಆ ಫೋಟೋದಿಂದ ನನ್ನ ಪ್ಲಾನಿನ ದಿಕ್ಕೇ ಬದಲಾಯಿತು. ಎಲ್ಲಿಗೆ ಹೋಗಬೇಕೆಂದು ಕೇಳುವುದನ್ನು ಬಿಟ್ಟು, ಎಲ್ಲಿ ನಿಲ್ಲಬೇಕೆಂದು ಕೇಳತೊಡಗಿದೆ. ಮನೆಯವರಿಗೆ ಇದು ಅರ್ಥವಾಗಲಿಲ್ಲ. ಅವರ ಪಟ್ಟಿ ಆಗಲೇ ತಯಾರಾಗಿತ್ತು: ಮೂರು ದಿನದಲ್ಲಿ ಮುಳ್ಳಯ್ಯನಗಿರಿ, ಶೃಂಗೇರಿ, ಆಗುಂಬೆಯ ಸೂರ್ಯಾಸ್ತ, ಜೋಗ, ಮಲ್ಪೆ ಬೀಚು, ಧರ್ಮಸ್ಥಳ, ಹೊರನಾಡಿನ ಊಟ. ಷಡ್ಡಕರು ಪ್ರತಿಯೊಂದರ ಮುಂದೆಯೂ ಗಂಟೆ ಹಾಕಿದ್ದರು. ಜೋಗಕ್ಕೆ ನಲವತ್ತು ನಿಮಿಷ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಗೆ ಇಷ್ಟು ಸಾಲದೆ ಎಂದು ಕೇಳಿದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ನಿಂತ ಮೇಲೆ ಜೋಗದ ರಾಜ ರಾಣಿಯರ ದರ್ಶನಕ್ಕೆ ಅಲ್ಲಿನ ಗೇಟುಗಳ ಅಪ್ಪಣೆಯೂ ಬೇಕು ಎಂದೆ. "ಅಪ್ಪಣೆ ಆಗಿದ್ರೆ?" ಎಂದರು. ಅವರು ಬ್ಯಾಂಕಿನಲ್ಲಿದ್ದವರು, ಸುಲಭಕ್ಕೆ ಬಿಡುವುದಿಲ್ಲ.

ಮುಳ್ಳಯ್ಯನಗಿರಿಯನ್ನು ನಾನೇ ಹೊಡೆದುಹಾಕಿದೆ. 1930 ಮೀಟರಿನ, ರಾಜ್ಯದ ಅತಿ ಎತ್ತರದ ಶಿಖರದ ಬಗ್ಗೆ ನನಗೆ ತಕರಾರಿಲ್ಲ. ದಸರಾ ರಜೆಯಲ್ಲಿ ಅಲ್ಲಿ ಸೇರುವ ಕಾರುಗಳ ಬಗ್ಗೆ ಇದೆ. 2022ರಲ್ಲಿ ಚಂದ್ರದ್ರೋಣದ ಇಳಿಜಾರುಗಳಲ್ಲಿ ಕುರಿಂಜಿ ಅರಳಿದ ಹೊತ್ತು ನೆನಪಿರಬಹುದು. ಊರವರು ಗುರ್ಗಿ ಎನ್ನುವ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಆ ನೀಲಿಯನ್ನು ನೋಡಲು ಬಂದವರು ಮೊದಲು ನೋಡಿದ್ದು ಮುಂದಿನ ಕಾರಿನ ನಂಬರ್ ಪ್ಲೇಟನ್ನು.

ಕೊನೆಗೆ ಒಂದು ಘಾಟಿ ಇಳಿಯುವುದು, ಇನ್ನೊಂದು ಹತ್ತುವುದು, ಅಷ್ಟೇ ಎಂದು ತೀರ್ಮಾನವಾಯಿತು. ಚಾರ್ಮಾಡಿ ಇಳಿದು, ಉಜಿರೆ, ಬೆಳ್ತಂಗಡಿ ದಾಟಿ, ಕಾರ್ಕಳದ ಕಡೆಯ ಬಜಗೋಳಿಯಿಂದ ಮಾಳ ಘಾಟಿ ಹತ್ತಿ, ಕುದುರೆಮುಖ ಹಾದು ಕಳಸ. ಉಲ್ಟಾ ಯಾಕಾಗಬಾರದು ಎಂದು ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಸೂರ್ಯನ ಕೈಯಲ್ಲಿದೆ. ಚಾರ್ಮಾಡಿ ಪಶ್ಚಿಮಕ್ಕೆ ತೆರೆದ ಘಾಟಿ. ಮಧ್ಯಾಹ್ನದ ಮೇಲೆ ಇಳಿದರೆ ಬಿಸಿಲು ನೇರ ಮುಖಕ್ಕೆ; ಕಣಿವೆಯೆಲ್ಲ ಬೆಳ್ಳಗೆ ಮಸುಕು, ಡ್ರೈವರಿಗೆ ತಿರುವೂ ಕಾಣದು. ಬೆಳಿಗ್ಗೆ ಇಳಿದರೆ ಬಿಸಿಲು ಬೆನ್ನಿಗೆ, ಎದುರಿನ ಬೆಟ್ಟದ ಒಂದೊಂದು ಮಡಿಕೆಯೂ ಬಿಡಿಬಿಡಿ. ಹಾಗೆಂದು ತೀರಾ ಬೇಗ ಹೋದರೆ ಮಂಜು. ಕೊಟ್ಟಿಗೆಹಾರದಲ್ಲಿ ಕೂತು ನೀರುದೋಸೆ ತಿಂದು, ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ ಮಂಜು ತಾನಾಗಿ ಎದ್ದುಹೋಗುತ್ತದೆ. ಮಾಳ ಘಾಟಿಯನ್ನು ಮಧ್ಯಾಹ್ನ ಹತ್ತುವುದೂ ಇದೇ ಲೆಕ್ಕ: ಆಗ ನಾವು ಪೂರ್ವಕ್ಕೆ ಮುಖ ಮಾಡಿರುತ್ತೇವೆ, ಇಳಿಬಿಸಿಲು ಮುಂದಿನ ಹುಲ್ಲುಬೆಟ್ಟದ ಮೇಲೆ ಬೀಳುತ್ತಿರುತ್ತದೆ. ಆದರೆ ಅಲ್ಲಿ ಸಾವಕಾಶ ಮಾಡುವಂತಿಲ್ಲ. ರಸ್ತೆ ರಾಷ್ಟ್ರೀಯ ಉದ್ಯಾನದೊಳಗೆ ಹಾಯುತ್ತದೆ, ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಸಂಜೆಯ ಮೇಲೆ ಗೇಟು ಹಾಕುತ್ತಾರೆ. ಕಾಡಿನೊಳಗೆ ಕಂಡಕಂಡಲ್ಲಿ ಇಳಿದರೆ ದಂಡ. ಇದನ್ನು ಕೇಳಿ ಷಡ್ಡಕರಿಗೆ ಸಂತೋಷವಾಯಿತು. ಪ್ರವಾಸದಲ್ಲಿ ಒಂದಾದರೂ ಕಡೆ ಸಮಯಪಾಲನೆ ಇದೆಯಲ್ಲ ಎಂದು.

ನಿಲ್ಲಲಾಗದಿದ್ದರೂ ಆ ದಾರಿಯಲ್ಲಿ ಕಿಟಕಿಯಿಂದಲೇ ನೋಡಬಹುದಾದ ಒಂದು ಸಂಗತಿ ಇದೆ, ಮಕ್ಕಳಿಗೆ ಹೇಳಿಟ್ಟಿದ್ದೇನೆ. ಹತ್ತುವಾಗ ರಸ್ತೆಬದಿಯ ಹಳ್ಳಗಳೆಲ್ಲ ನಮಗೆ ಎದುರಾಗಿ ಹರಿಯುತ್ತವೆ. ಅವು ಹತ್ತಿರದ ಅರಬ್ಬೀ ಸಮುದ್ರದ ಪಾಲು. ಎಸ್.ಕೆ. ಬಾರ್ಡರ್ ಎಂಬ ಜಾಗ ದಾಟಿದ ಮೇಲೆ ನೋಡಿದರೆ ನೀರು ನಮ್ಮ ಜೊತೆಗೇ ಹೊರಟಿರುತ್ತದೆ. ಅದು ಭದ್ರೆಗೆ ಸೇರಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯೊಳಗೆ ಹೋಗಿ, ಬಂಗಾಳ ಕೊಲ್ಲಿ ಮುಟ್ಟುವ ತನಕ ಎಷ್ಟು ದೂರ! ಸಮುದ್ರ ಬೆನ್ನ ಹಿಂದೆಯೇ ಇದ್ದರೂ ಅದಕ್ಕೆ ಆ ಕಡೆ ತಿರುಗಲು ಮನಸ್ಸಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವವೆನ್ನುವ ಗಂಗಾಮೂಲವೂ ಅಲ್ಲೇ ಆಸುಪಾಸಿನ ಕಾಡಿನಲ್ಲಿದೆ. ಅಂದಹಾಗೆ, ಸೌತ್ ಕೆನರಾ ಎಂಬ ಜಿಲ್ಲೆ ದಕ್ಷಿಣ ಕನ್ನಡವಾಗಿ, 1997ರಲ್ಲಿ ಅದರಿಂದ ಉಡುಪಿ ಬೇರೆಯಾಗಿ, ಗಡಿಯೇ ಇನ್ನೊಬ್ಬರದಾದರೂ ಬೋರ್ಡಿನ ಮೇಲಿನ ಎಸ್.ಕೆ. ಅಲ್ಲಾಡಿಲ್ಲ. ಮುಂದೆ ಕುದುರೆಮುಖದ ಊರು ಸಿಗುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದಿರು ತೆಗೆಯುವುದು ನಿಂತ ಮೇಲೆ ಖಾಲಿಯಾದ ಊರು. ಸಾಲುಸಾಲು ಕ್ವಾರ್ಟರ್ಸುಗಳ ನಡುವೆ ಹಾಯುವಾಗ ಹಿಂದಿನ ಸೀಟಿನವರೂ ಮೊಬೈಲು ಕೆಳಗಿಡುತ್ತಾರೆ.

ಸೀಟಿನ ಮಾತು ಬಂತು. ಘಟ್ಟದ ಪ್ರವಾಸದಲ್ಲಿ ಅತಿ ಸೂಕ್ಷ್ಮ ರಾಜಕೀಯ ಮುಂದಿನ ಸೀಟಿನದು. ನೋಟಕ್ಕೆ ಅದೇ ಬೇಕು, ವಾಂತಿಗೂ ಅದೇ ಮದ್ದು. ಅತ್ತಿಗೆಗೆ ಮೂರನೇ ತಿರುವಿಗೆ ನಿಂಬೆಹಣ್ಣು ಬೇಕು, ಚಿಕ್ಕವಳಿಗೆ ನಾಲ್ಕನೆಯದಕ್ಕೆ ಕವರು. ಇವರಿಬ್ಬರಲ್ಲಿ ಯಾರನ್ನು ಮುಂದೆ ಕೂರಿಸುವುದೆಂದು ಇನ್ನೂ ಇತ್ಯರ್ಥವಾಗಿಲ್ಲ. ಡ್ರೈವರಿಗಂತೂ ಏನೂ ಕಾಣಿಸುವುದಿಲ್ಲ. ಅವನ ಪಾಲಿಗೆ ಚಾರ್ಮಾಡಿ ಎಂದರೆ ಮುಂದಿನ ಬಸ್ಸಿನ ಹಿಂಭಾಗ. ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟು ಕೂತರೆ ಉಜಿರೆ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಹತ್ತುವವನಿಗೆ ದಾರಿ ಬಿಡು: ಭಾವನ ಮಗನಿಗೆ ಇದನ್ನು ಹೇಳಿದರೆ, ಅವನ ಕಾರು ಆಟೊಮ್ಯಾಟಿಕ್ ಎಂದ. ಆಟೊಮ್ಯಾಟಿಕ್‌ನಲ್ಲೂ ಕೆಳಗಿನ ಗೇರು ಹಾಕಿಕೊಳ್ಳುವ ವ್ಯವಸ್ಥೆ ಇರುತ್ತದೆ ಎಂಬುದನ್ನು ಅವನು ಕಾರಿನ ಪುಸ್ತಕ ತೆರೆದು ನೋಡಬೇಕಾಯಿತು.

ಇಷ್ಟೆಲ್ಲ ಮಾಡಿದ ಮೇಲೆ ಚಿತ್ತೆ ಮಳೆ ಇದೆ. ಹಸ್ತ ಮುಗಿದು ಅಕ್ಟೋಬರ್ ಎರಡನೇ ವಾರಕ್ಕೆ ಕಾಲಿಡುವ ಈ ಮಳೆ ಕುರುಡಂತೆ. ಎರಚಿದ ಕಡೆ ಎರಚೀತು, ಪಕ್ಕದ ಊರನ್ನು ಒಣಗಿಸೀತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ಸಂಚಾರ ನಿಂತದ್ದನ್ನು ಕಂಡವರು ಚಿತ್ತೆಯನ್ನೂ ಪೂರ್ತಿ ನಂಬುವುದಿಲ್ಲ. ತಂಗಿಯ ಮಗನ ಆ ಚೆಂದದ ರಸ್ತೆಯೂ 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತಕ್ಕೆ ಸಿಕ್ಕಿ ನಾರ್ತ್ ಕ್ಯಾರೊಲಿನಾದ ಉದ್ದಕ್ಕೂ ಕುಸಿದು ಮುಚ್ಚಿತ್ತು. ಹಾಗಾಗಿ ಶಿರಾಡಿಯನ್ನು ಪರ್ಯಾಯವಾಗಿ ಬರೆದುಕೊಂಡಿದ್ದೇನೆ. ಹೊರಡುವ ಹಿಂದಿನ ದಿನ ಯಾವ ಆ್ಯಪ್ ಏನೇ ಹೇಳಲಿ, ಧರ್ಮಸ್ಥಳದ ರಾತ್ರಿ ಬಸ್ಸಿನ ಕಂಡಕ್ಟರನ್ನು ಕೇಳುವುದೇ ಮೇಲು. ಅವರ ಉತ್ತರ ಒಂದೇ ಮಾತಿನದು: "ಬಿಟ್ಟಿದಾರೆ" ಅಥವಾ "ಬಿಟ್ಟಿಲ್ಲ."

ನಿಲುಗಡೆಗಳ ಪಟ್ಟಿ ಈಗ ಮುಗಿದಿದೆ. ಕೊಟ್ಟಿಗೆಹಾರದಲ್ಲಿ ಮಂಜಿಗೆ. ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಗೆ, ಅಲ್ಲಿ ಎಲ್ಲ ಗಾಡಿಯೂ ನಿಲ್ಲುತ್ತದೆ, ಲಾರಿಯವರೂ ಕಾಣಿಕೆ ಹಾಕಿಯೇ ಇಳಿಯುವುದು. ಬಜಗೋಳಿಯಲ್ಲಿ ಊಟಕ್ಕೆ. ಕಳಸದಲ್ಲಿ ರಾತ್ರಿಗೆ. ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅಷ್ಟು ಹೊತ್ತೂ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ ತಲೆಯೆತ್ತಿ, "ಅಲ್ಲೆಲ್ಲ ಬಚ್ಚಲು ಚೆನ್ನಾಗಿದ್ಯೇನೋ?" ಎಂದಳು.

ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.