ಶಾವಿಗೆ ಮಷಿನ್ನಿನ ಹಿಡಿಕೆ



ಒಬ್ಬೊಬ್ಬರಿಗೆ ಒಂದೊಂದು ಹವ್ಯಾಸ ಇರುತ್ತದೆ. ನಮ್ಮ ಕಾಕಾನ ಹವ್ಯಾಸ ಅಲ್ಯುಮಿನಿಯಂ ಕರಗಿಸಿ ಎರಕ ಹೊಯ್ಯುವುದು. ಭಾನುವಾರ ಹಿತ್ತಲಲ್ಲಿ ಒಲೆ ಹೊತ್ತಿತು ಅಂದರೆ ತಿದಿ ಒತ್ತುವ ಕೆಲಸ ನನ್ನದು. ತಿದಿಯ ಕೊಳವೆ ಉದ್ದ ಇದೆ, ದೂರ ಕೂತು ಒತ್ತುತ್ತೇನೆ.

ಅಲ್ಯುಮಿನಿಯಂ ಯಾಕೆ ಅಂತ ನೀವು ಕೇಳಬಹುದು. ಕಬ್ಬಿಣ ಕರಗಲು 1538 ಡಿಗ್ರಿ ಶಾಖ ಬೇಕು. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಇದ್ದಿಲು, ತಿದಿ ಇದ್ದರೆ ಸಾಕು. ನಮ್ಮ ಒಲೆ ಅಂದರೆ ಒಳಗೆ ಜೇಡಿಮಣ್ಣು ಮೆತ್ತಿದ ಹಳೇ ಕಬ್ಬಿಣದ ಬಕೆಟ್ಟು, ಅಷ್ಟೇ. ಗ್ಯಾರೇಜಿನವರು ಬಿಸಾಕಿದ ಪಿಸ್ಟನ್ನುಗಳನ್ನು ಕಾಕಾ ತರುತ್ತಾರೆ. ಅದರಲ್ಲಿ ಸಿಲಿಕಾನ್ ಬೆರೆತಿರುವುದರಿಂದ ಅಚ್ಚಿನೊಳಗೆ ಚೆನ್ನಾಗಿ ಹರಿಯುತ್ತದೆ. ತಂಪು ಪಾನೀಯದ ತೆಳು ಡಬ್ಬಿ ಹಾಕಿದರೆ ಬಹಳಷ್ಟು ಕಿಟ್ಟವಾಗಿ ಹೋಗುತ್ತದೆ.

ಈ ವರ್ಷ ಬೇಸಿಗೆಯಲ್ಲಿ ನಮ್ಮ ಅವ್ವನ ಶಾವಿಗೆ ಮಷಿನ್ನಿನ ಹಿಡಿಕೆ ಮುರಿಯಿತು. ಓಣಿಯವರಿಗೆ ಶಾವಿಗೆ ಮಾಡಿಕೊಟ್ಟು ಬರುವ ರೊಕ್ಕದಲ್ಲೇ ನಮ್ಮ ನೋಟುಬುಕ್ಕು, ಚಪ್ಪಲಿ ಎಲ್ಲ ಬರುವುದು. ಪೇಟೆಯ ಅಂಗಡಿಯವರು "ಬರೇ ಹಿಡಿಕಿ ಸಿಗೂದಿಲ್ಲ, ಹೊಸಾ ಮಷಿನ್ನ ತಗೋರಿ" ಅಂದರು. ಅವ್ವ ಏನೂ ಮಾತಾಡದೆ ಮನೆಗೆ ಬಂದಳು.

ಕಾಕಾ ಮುರಿದ ಹಿಡಿಕೆ ನೋಡಿ ಕಟ್ಟಿಗೆಯಲ್ಲಿ ಅಂಥದ್ದೇ ಒಂದು ಮಾಡಿದರು. ಅಲ್ಯುಮಿನಿಯಂ ಮೆತ್ತಗೆ ಅಂತ ಸ್ವಲ್ಪ ದಪ್ಪ ಮಾಡಿದರು. ಉದ್ದದ ಲೆಕ್ಕ ನನಗೆ ಹಾಕಲು ಹೇಳಿದರು. ಅಲ್ಯುಮಿನಿಯಂ ಗಟ್ಟಿಯಾಗಿ ತಣ್ಣಗಾಗುವಾಗ 100 ಕ್ಕೆ ಸುಮಾರು 1.3 ಪಾಲು ಕುಗ್ಗುತ್ತದೆ. ನಮ್ಮ ಹಿಡಿಕೆ 20 ಸೆಂಟಿಮೀಟರ್. ಅಂದರೆ ಅಚ್ಚು ಎರಡೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ ಇರಬೇಕು. ಶೇಕಡಾ ಲೆಕ್ಕ ಎಲ್ಲಿ ಉಪಯೋಗ ಅಂತ ಕೇಳುವವರು ಇದನ್ನು ನೋಡಬೇಕು!

ಹಳ್ಳದ ಸಣ್ಣ ಮರಳಿಗೆ ಜೇಡಿಮಣ್ಣು, ಸ್ವಲ್ಪ ನೀರು ಬೆರೆಸಿ ಎರಡು ಪೆಟ್ಟಿಗೆಯಲ್ಲಿ ಬಡಿದು ಅಚ್ಚು ಮಾಡುತ್ತಾರೆ. ಕಟ್ಟಿಗೆ ಹಿಡಿಕೆ ತೆಗೆದರೆ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಮೂಸೆಯಲ್ಲಿ ಕರಗಿದ್ದನ್ನು ಅದಕ್ಕೇ ಹೊಯ್ಯುವುದು. ಮೊದಲ ಸಲ ಹೊಯ್ದ ಹಿಡಿಕೆಯ ಒಳಗೆಲ್ಲ ತೂತು. ಕೈಯಲ್ಲಿ ಒತ್ತಿದರೆ ಲಟಕ್ಕನೆ ಮುರಿಯಿತು. "ಮರಳು ಹಸಿ ಹೆಚ್ಚಾಗಿತ್ತು. ನೀರು ಉಗಿ ಆಗಿ ಒಳಗ ಸಿಕ್ಕೊಂಡೈತಿ" ಅಂದರು ಕಾಕಾ. ಮುರಿದದ್ದನ್ನೇ ಮತ್ತೆ ಮೂಸೆಗೆ ಹಾಕಿದರು. ಎರಡನೇ ಸಲ ಸರಿಯಾಗಿ ಬಂತು. ಅರದಿಂದ ತಿಕ್ಕಿ, ತೂತು ಕೊರೆದು ಕೂಡಿಸಿದರು. ಅವ್ವ ನಾಲ್ಕು ಸುತ್ತು ತಿರುಗಿಸಿ ನೋಡಿ, "ಮೊದಲಿನಕಿಂತ ಹಗುರ ಐತಿ" ಅಂದಳು. ಈ ಬೇಸಿಗೆಯ ಶಾವಿಗೆ ಎಲ್ಲ ಅದರಲ್ಲೇ ಆಯಿತು.

ಗೆಳೆಯರೇ, ಒಂದು ಮಾತು ಮುಖ್ಯ. ಇದನ್ನು ಯಾರೂ ಒಬ್ಬರೇ ಮಾಡಲು ಹೋಗಬೇಡಿ. ಕರಗಿದ ಅಲ್ಯುಮಿನಿಯಂ ಹಗಲಲ್ಲಿ ಕೆಂಪಗೆ ಕಾಣುವುದಿಲ್ಲ, ಬೆಳ್ಳಿ ಥರ ಸುಮ್ಮನೆ ಇರುತ್ತದೆ. ತಣ್ಣಗಿದೆ ಅಂತ ಮುಟ್ಟಿದರೆ ಮುಗಿಯಿತು. ಅದರಲ್ಲಿ ಹಸಿ ತುಂಡು ಹಾಕಿದರೆ ಸಿಡಿಯುತ್ತದೆ. ಯಾಕೆಂದರೆ 1 ಲೀಟರ್ ನೀರು ಉಗಿಯಾದರೆ ಸುಮಾರು 1700 ಲೀಟರ್ ಜಾಗ ಬೇಕು. ಅದಕ್ಕೇ ಕಾಕಾ ಪ್ರತಿ ತುಂಡನ್ನೂ ಮೊದಲು ಬಿಸಿ ಮಾಡಿ ಒಣಗಿಸುತ್ತಾರೆ. ಸಿಮೆಂಟ್ ನೆಲದ ಮೇಲೆ ಹೊಯ್ಯುವುದಿಲ್ಲ, ಅದರಲ್ಲೂ ನೀರಿನಂಶ ಇರುತ್ತದಂತೆ. ಒಣ ಮರಳು ಹಾಸಿ, ತೊಗಲಿನ ಬೂಟು, ಕನ್ನಡಕ ಹಾಕಿಕೊಂಡೇ ಹೊಯ್ಯುತ್ತಾರೆ.

ನಮ್ಮ ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಎಂಬ ಬಿಳಿ ಪುಡಿ ಮಾಡುವ ಕಾರ್ಖಾನೆ ಇದೆ. ಆ ಪುಡಿಯಿಂದ ಲೋಹ ತೆಗೆಯಲು ಬಹಳ ಕರೆಂಟು ಬೇಕು. ಆ ವಿಧಾನವನ್ನು 1886 ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಹೆರೂಲ್ಟ್ ಬೇರೆ ಬೇರೆಯಾಗಿ ಕಂಡುಹಿಡಿದರು. ಆದರೆ ಹಳೇ ಅಲ್ಯುಮಿನಿಯಂ ಮತ್ತೆ ಕರಗಿಸಲು ಹೊಸದಕ್ಕೆ ಬೇಕಾದ ಶಕ್ತಿಯಲ್ಲಿ 100 ಕ್ಕೆ ಸುಮಾರು 5 ಪಾಲು ಸಾಕು.

ಆದ್ದರಿಂದ ನಿಮ್ಮ ಮನೆಯಲ್ಲಿ ಏನಾದರೂ ಮುರಿದರೆ ಕೂಡಲೇ ಬಿಸಾಕಬೇಡಿ. ಅದು ಯಾವ ಲೋಹ, ಹೇಗೆ ಮಾಡಿದ್ದಾರೆ ಅಂತ ಒಮ್ಮೆ ತಿರುಗಿಸಿ ನೋಡಿ. ದೊಡ್ಡವರನ್ನು ಕೇಳಿ. ಮುರಿದದ್ದೆಲ್ಲ ಕೆಟ್ಟು ಹೋದದ್ದಲ್ಲ.

— 7ನೇ ತರಗತಿ ವಿದ್ಯಾರ್ಥಿನಿ